ಮೂರನೇ ಗಂಟೆ ಬಾರಿಸುವ ಹುಡುಗಿ

ಎಲ್ಲರಿಗೂ ರಂಗದ ಮೇಲೆ ನಿಲ್ಲುವ ಆಸೆ. ಒಂಬತ್ತನೇ ತರಗತಿಯ ಈ ಹುಡುಗಿಗೆ ಮಾತ್ರ ಸೈಡ್ ವಿಂಗಿನ ಕತ್ತಲೆಯೇ ಬೇಕು. ನಾಟಕದ ಕರಪತ್ರದಲ್ಲಿ ‘ರಂಗದ ಹಿಂದೆ’ ಎಂಬ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಮುಗಿದುಹೋಗುವ ಕಸುಬೊಂದರ ಸುತ್ತ ಒಂದು ಸುತ್ತು.

“ನಿನಗೆ ಯಾವ ಪಾರ್ಟು ಬಂತೇ?”

“ಯಾವುದೂ ಇಲ್ಲ ಮಾಮ.”

ಅಕ್ಕನ ಮಗಳು ಮುಖ ಸಪ್ಪಗೆ ಮಾಡಿಕೊಂಡಿದ್ದಾಳೇನೋ ಅಂತ ನೋಡಿದೆ. ಇಲ್ಲ, ಚಕ್ಕುಲಿ ಮುರಿಯುತ್ತ ಕೂತಿದ್ದಳು. ಆದರೂ ಸೋದರಮಾವ ಅಂದಮೇಲೆ ಸಮಾಧಾನ ಹೇಳುವುದು ಧರ್ಮ. ‘ಹೋಗಲಿ ಬಿಡು, ಮುಂದಿನ ವರ್ಷ...’ ಅಂತ ಶುರುಮಾಡುವಷ್ಟರಲ್ಲಿ ಅವಳೇ ತಡೆದಳು. “ಸಿಗಲಿಲ್ಲ ಅಂತಲ್ಲ. ಮೇಷ್ಟ್ರು ಕೊಡ್ತೀನಿ ಅಂದ್ರು, ನಾನೇ ಬೇಡ ಅಂದೆ. ನಾನು ಹಿಂದೆ ಇರ್ತೀನಿ.”

ಅಡುಗೆಮನೆಯಿಂದ ಅಕ್ಕನ ದನಿ ಬಂತು: “ಕೇಳಿಸ್ಕೊಂಡ್ಯೇನೋ? ಡಾಕ್ಟರ್ ಪಾರ್ಟು ಕೊಡ್ತೀವಿ ಅಂದ್ರೆ ಬೇಡ್ವಂತೆ. ಪರದೆ ಎಳೀತಾಳಂತೆ!”

“ನಮ್ಮ ನಾಟಕಕ್ಕೆ ಪರದೇನೇ ಇಲ್ಲಮ್ಮ,” ಅಂದಳು ಹುಡುಗಿ, ಚಕ್ಕುಲಿ ಬಿಡದೆ.

ತುಮಕೂರಿನ ಹೈಸ್ಕೂಲೊಂದರಲ್ಲಿ ಅವಳು ಒಂಬತ್ತನೇ ತರಗತಿ. ಶಾಲೆಯವರು ವಿಜ್ಞಾನ ನಾಟಕ ಸ್ಪರ್ಧೆಗೆ ತಯಾರಾಗುತ್ತಿದ್ದರು. ಅರ್ಧ ಗಂಟೆಯ ನಾಟಕ. ಒಂದು ನಿಮಿಷ ಹೆಚ್ಚಾದರೂ ಅಂಕ ಹೋಗುತ್ತದೆ ಅಂತ ಮೇಷ್ಟ್ರು ಮಕ್ಕಳನ್ನು ಹೆದರಿಸಿಟ್ಟಿದ್ದರು. ಕಥೆ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯನದು. 1847ರಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಬಾಣಂತಿಯರು ಜ್ವರ ಬಂದು ಒಬ್ಬರ ಹಿಂದೊಬ್ಬರು ಸಾಯುತ್ತಿದ್ದಾಗ, ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸಲು ಬರುತ್ತಿದ್ದ ಡಾಕ್ಟರುಗಳನ್ನು ತಡೆದು, ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆದು ಬನ್ನಿ ಅಂದವನು. ಹಾಗಾಗಿ ನಾಟಕದ ತುಂಬ ನೀರು. ಎರಡು ಬೇಸಿನ್ನು, ಎರಡು ಜಗ್ಗು, ಆರು ಟವೆಲ್ಲು, ಬಿಳಿ ಕೋಟುಗಳು, ಒಂದು ಸ್ಟ್ರೆಚರು. ನಟಿಸುವ ಮಕ್ಕಳು ಎಂಟು. ಒಂಬತ್ತನೆಯವಳು ಇವಳು.

ಬ್ಯಾಗಿನಿಂದ ಒಂದು ಲಾಂಗ್ ನೋಟ್‌ಬುಕ್ ತೆಗೆದು ತೋರಿಸಿದಳು. ಸ್ಕೇಲು ಹಿಡಿದು ಗೆರೆ ಎಳೆದು ನಾಲ್ಕು ಕಾಲಂ ಮಾಡಿದ್ದಳು: ಹೊತ್ತು, ಏನು, ಯಾರು, ಆಯಿತಾ? ಮೊದಲ ಸಾಲಿನಲ್ಲಿ ಹೀಗಿತ್ತು: ‘4 ನಿಮಿಷ 10 ಸೆಕೆಂಡ್ – ನೀರು ತುಂಬಿದ ಬೇಸಿನ್, ಎಡಗಡೆ ವಿಂಗ್ – ದಾದಿ.’ ಕೊನೆಯ ಕಾಲಂ ಖಾಲಿ.

ಈ ಹುಚ್ಚು ಹತ್ತಿಸಿದವನು ನಾನೇ ಇರಬೇಕು. ಹಿಂದಿನ ವರ್ಷ ಅವಳನ್ನು ಒಂದು ನಾಟಕಕ್ಕೆ ಕರೆದುಕೊಂಡು ಹೋಗಿದ್ದೆ. ಒಂದು ದೃಶ್ಯ ಮುಗಿದು ದೀಪ ಆರಿತು. ಕಪ್ಪು ಬಟ್ಟೆಯ ಇಬ್ಬರು ಬಂದು ಮಂಚ ಎತ್ತಿಕೊಂಡು ಹೋದರು, ಇನ್ನೊಬ್ಬರು ಕುರ್ಚಿ ತಂದಿಟ್ಟರು. ದೀಪ ಹತ್ತಿದಾಗ ಕುರ್ಚಿ ಬೆಳಕಿನ ವೃತ್ತದ ನಟ್ಟನಡುವೆ ಇತ್ತು. ಜನ ಕುರ್ಚಿಯ ಮೇಲೆ ಕೂತ ರಾಜನನ್ನು ನೋಡಿದರು. ಇವಳು ನನ್ನ ತೋಳು ಜಗ್ಗಿ ಕೇಳಿದ್ದು: “ಅಷ್ಟು ಕತ್ತಲೇಲಿ ಅವರಿಗೆ ಜಾಗ ಹೇಗೆ ಗೊತ್ತಾಯ್ತು?” ನೆಲಕ್ಕೆ ರೇಡಿಯಂ ಸ್ಟಿಕ್ಕರ್ ಚೂರು ಅಂಟಿಸಿರುತ್ತಾರೆ ಅಂದೆ. ನಾಟಕ ಮುಗಿದ ಮೇಲೆ ಹತ್ತಿರ ಹೋಗಿ ಬಗ್ಗಿ ನೋಡಿ ಬಂದಳು. ಆವತ್ತಿನಿಂದ ‘ಸ್ಟೇಜ್ ಮ್ಯಾನೇಜರ್ ಆಗ್ತೀನಿ’ ಅನ್ನುವ ಜಪ.

ಉಗ್ರಾಣದ ಬೀಗದಕೈ

ಸ್ಟೇಜ್ ಮ್ಯಾನೇಜರ್ ಅಂದರೆ ಏನು ಕೆಲಸ ಅಂತ ಅಕ್ಕ ಕೇಳಿದಾಗ ನನಗೆ ಹೊಳೆದದ್ದು ನಮ್ಮ ಮದುವೆಮನೆ. ಪ್ರತಿ ಮದುವೆಯಲ್ಲೂ ಉಗ್ರಾಣ ನೋಡಿಕೊಳ್ಳುವವರು ಒಬ್ಬರಿರುತ್ತಾರೆ. ಸೊಂಟದಲ್ಲಿ ಬೀಗದಕೈ, ಕಿವಿಯ ಸಂದಿಯಲ್ಲಿ ಪೆನ್ನು, ಜೇಬಿನಲ್ಲಿ ಪಟ್ಟಿ. ತೆಂಗಿನಕಾಯಿ ಎಷ್ಟು ಒಡೆದಾಯಿತು, ವೀಳ್ಯದೆಲೆ ಎಷ್ಟು ಕಟ್ಟು ಉಳಿಯಿತು, ವಾಲಗದವರಿಗೆ ಕಾಫಿ ಹೋಯಿತೇ, ಎರಡನೇ ಪಂಕ್ತಿಗೆ ಎಲೆ ಸಾಕೇ, ಎಲ್ಲ ಅವರ ತಲೆಯಲ್ಲಿ. ಪುರೋಹಿತರು ‘ಧಾರೆ ಪಾತ್ರೆ’ ಅನ್ನುವ ಹೊತ್ತಿಗೆ ಪಾತ್ರೆ ಅಲ್ಲಿರುತ್ತದೆ. ಆದರೆ ಗಟ್ಟಿಮೇಳ ಮೊಳಗುವಾಗ ಅಕ್ಷತೆ ಹಾಕುವವರ ಸಾಲಿನಲ್ಲಿ ಅವರಿರುವುದಿಲ್ಲ. ಉಗ್ರಾಣದಲ್ಲಿರುತ್ತಾರೆ. ಕೊನೆಯ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಮದುವೆ ಚೆನ್ನಾಗಿ ಆದರೆ ಹೆಣ್ಣಿನ ಅಪ್ಪನಿಗೆ ಹೆಸರು. ಪಾಯಸ ಸಾಲದೆ ಹೋದರೆ ‘ಉಗ್ರಾಣದಲ್ಲಿ ಯಾರ್ರೀ ಇದ್ದದ್ದು?’

ನಾಟಕದಲ್ಲೂ ಹಾಗೇ. ರಂಗನಿರ್ವಾಹಕರ (ಸ್ಟೇಜ್ ಮ್ಯಾನೇಜರ್) ಕೆಲಸ ಪ್ರದರ್ಶನದ ದಿನ ಶುರುವಾಗುವುದಲ್ಲ, ತಾಲೀಮಿನ ಮೊದಲ ದಿನ ಶುರುವಾಗುತ್ತದೆ. ಯಾರು ಎಷ್ಟು ಹೊತ್ತಿಗೆ ಬರಬೇಕು ಅನ್ನುವ ಪಟ್ಟಿ, ಬಾರದವರಿಗೆ ಫೋನು, ನೆಲದ ಮೇಲೆ ಸೆಟ್ಟಿನ ಅಳತೆಗೆ ಟೇಪು ಅಂಟಿಸುವುದು, ಮಾತು ಮರೆತವರಿಗೆ ಎತ್ತಿಕೊಡುವುದು, ನಿರ್ದೇಶಕರು ಇವತ್ತು ಹೇಳಿದ್ದನ್ನು ನಾಳೆ ಅವರೇ ಮರೆತರೆ ನೆನಪಿಸುವುದು. ಇದಕ್ಕೆಲ್ಲ ಆಧಾರ ಒಂದು ಪುಸ್ತಕ. ನಾಟಕದ ಪ್ರತಿಯನ್ನು ಬಿಡಿಸಿ, ಒಂದು ಪುಟದಲ್ಲಿ ಮಾತು ಅಂಟಿಸಿ, ಎದುರು ಪುಟ ಖಾಲಿ ಬಿಟ್ಟಿರುತ್ತಾರೆ. ಯಾವ ಮಾತಿಗೆ ಯಾರು ಎಲ್ಲಿಂದ ಎಲ್ಲಿಗೆ ನಡೆದರು, ಯಾವ ಪದದ ಮೇಲೆ ಬೆಳಕು ಬದಲಾಗಬೇಕು, ಎಲ್ಲಿ ತಬಲಾ, ಎಲ್ಲಿ ಗುಡುಗು, ಎಲ್ಲ ಆ ಖಾಲಿ ಪುಟಕ್ಕೆ ಬರುತ್ತದೆ. ಬರೆಯುವುದು ಪೆನ್ಸಿಲಿನಲ್ಲೇ, ಯಾಕೆಂದರೆ ನಾಳೆ ಎಲ್ಲ ಅಳಿಸಬೇಕಾಗುತ್ತದೆ. ಪ್ರದರ್ಶನದ ದಿನ ನಿರ್ದೇಶಕರು ಜ್ವರ ಬಂದು ಮಲಗಿದರೂ ನಾಟಕ ನಡೆಯಬೇಕು. ಆ ಪುಸ್ತಕ ಇದ್ದರೆ ನಡೆಯುತ್ತದೆ.

ಪ್ರದರ್ಶನ ಶುರುವಾದ ಮೇಲೆ ನಾಟಕ ನಿರ್ದೇಶಕರದಲ್ಲ, ರಂಗನಿರ್ವಾಹಕರದು. ದೊಡ್ಡ ರಂಗಮಂದಿರಗಳಲ್ಲಿ ಅವರ ಕಿವಿಗೆ ಹೆಡ್‌ಸೆಟ್, ಮುಂದೆ ಪುಸ್ತಕ, ಪಕ್ಕದಲ್ಲಿ ಸಣ್ಣ ದೀಪ. ‘ಸ್ಟ್ಯಾಂಡ್ ಬೈ, ಲೈಟ್ ಹನ್ನೆರಡು’ ಅನ್ನುತ್ತಾರೆ. ಬೆಳಕಿನವರು ಬೆರಳು ಗುಂಡಿಯ ಮೇಲಿಟ್ಟುಕೊಂಡು ಕಾಯುತ್ತಾರೆ. ‘ಲೈಟ್ ಹನ್ನೆರಡು... ಗೋ.’ ಆ ‘ಗೋ’ ಯಾವಾಗಲೂ ಕೊನೆಯಲ್ಲೇ ಬರಬೇಕು, ಅದು ಕಿವಿಗೆ ಬಿದ್ದ ಕ್ಷಣ ಬೆರಳು ಒತ್ತುತ್ತದೆ. ಹಾಗಾಗಿ ಹೆಡ್‌ಸೆಟ್ಟಿನಲ್ಲಿ ಹರಟೆಗೂ ಯಾರೂ ಆ ಪದ ಆಡುವುದಿಲ್ಲ. ನಮ್ಮ ಊರುಗಳ ಹವ್ಯಾಸಿ ತಂಡಗಳಲ್ಲಿ ಹೆಡ್‌ಸೆಟ್ ಅಪರೂಪ. ವಿಂಗಿನಿಂದ ಕೈಸನ್ನೆ, ಟಾರ್ಚ್ ಮಿಣುಕು, ಈಚೆಗೆ ವಾಕಿಟಾಕಿ. ಉಪಕರಣ ಬೇರೆ ಇರಬಹುದು, ಕಣ್ಣು ಕಿವಿ ಎರಡೂ ರಂಗದ ಮೇಲಿರಬೇಕಾದ ಕಟ್ಟಲೆ ಒಂದೇ.

ಅಕ್ಕನ ಮಗಳಿಗೆ ಈ ಪಾಠ ಎರಡನೇ ತಾಲೀಮಿನಲ್ಲೇ ಆಯಿತು. 4 ನಿಮಿಷ 10 ಸೆಕೆಂಡಿಗೆ ಸರಿಯಾಗಿ ದಾದಿಯನ್ನು ಬೇಸಿನ್ ಸಮೇತ ತಳ್ಳಿದಳು. ಆ ದಿನ ಡಾಕ್ಟರ್ ಪಾತ್ರದ ಹುಡುಗ ಎಲ್ಲ ಮಾತನ್ನೂ ನಿಧಾನಕ್ಕೆ ಎಳೆದಿದ್ದ. ಹೆಣದ ಕೋಣೆಯ ದೃಶ್ಯವೇ ಮುಗಿದಿರಲಿಲ್ಲ, ಕೈ ತೊಳೆಯುವ ನೀರು ಬಂದುಬಿಟ್ಟಿತು. ಸಂಜೆ ಮನೆಗೆ ಬಂದವಳು ಮೊದಲ ಕಾಲಮ್ಮಿನ ‘ಹೊತ್ತು’ ಅನ್ನುವುದನ್ನು ಹೊಡೆದುಹಾಕಿ ‘ಮಾತು’ ಅಂತ ಬರೆದಳು. ಕ್ಯೂ, ಅಂದರೆ ಮುಂದಿನದಕ್ಕೆ ಸನ್ನೆ, ಇರುವುದು ಗಡಿಯಾರದಲ್ಲಲ್ಲ, ನಟನ ಬಾಯಲ್ಲಿ. ನಾಟಕಶಾಲೆಯಲ್ಲಿ ಹೇಳಿಕೊಡುವ ಪಾಠ ಅವಳಿಗೆ ಒಂದು ಬೇಸಿನ್ ನೀರು ಹೇಳಿಕೊಟ್ಟಿತು.

ನನಗೆ ಪಾಠ ಹೇಳಿಕೊಟ್ಟದ್ದು ಒಂದು ಕಾಗದ. ಕಾಲೇಜು ದಿನಗಳಲ್ಲಿ ನಮ್ಮ ತಂಡದ ನಾಟಕಕ್ಕೆ ನಾನೇ ಪ್ರಾಪರ್ಟಿ ಇನ್‌ಚಾರ್ಜು. ನಾಯಕ ಜೇಬಿನಿಂದ ಅಪ್ಪನ ಪತ್ರ ತೆಗೆದು ಓದಬೇಕು. ಪತ್ರ ನನ್ನ ಬ್ಯಾಗಿನಲ್ಲೇ ಉಳಿದಿತ್ತು. ಹೇಗೂ ನೋಡಿಕೊಂಡು ಓದುವುದು ತಾನೇ ಅಂತ ಆ ಪುಣ್ಯಾತ್ಮ ಆ ಮಾತುಗಳನ್ನು ಬಾಯಿಪಾಠ ಮಾಡಿರಲಿಲ್ಲ. ಜೇಬಿಗೆ ಕೈ ಹಾಕಿದಾಗ ಸಿಕ್ಕಿದ್ದು ಬಸ್ ಟಿಕೆಟು. ಅದನ್ನೇ ಬಿಡಿಸಿ ಹಿಡಿದು, ‘ಮಗನೇ, ನಾನು ಕ್ಷೇಮ’ ಅಂದು, ಮುಂದೆ ಏನೂ ತೋಚದೆ, ‘ನೀನೂ ಕ್ಷೇಮ’ ಅಂತ ಮಡಿಸಿ ಇಟ್ಟುಕೊಂಡ. ಅಪ್ಪ ಸತ್ತ ಸುದ್ದಿ ಆ ಪತ್ರದಲ್ಲಿರಬೇಕಿತ್ತು. ಮುಂದಿನ ದೃಶ್ಯದಲ್ಲಿ ಅವನು ಯಾಕೆ ಅಳುತ್ತಿದ್ದಾನೆ ಅಂತ ಜನಕ್ಕೆ ತಿಳಿಯಲೇ ಇಲ್ಲ. ಎರಡು ವಾರ ಅವನು ನನ್ನೊಡನೆ ಮಾತು ಬಿಟ್ಟಿದ್ದ. ಒಂದು ಮೇಜು, ಮೇಜಿನ ಮೇಲೆ ಚಾಕ್‌ಪೀಸಿನಲ್ಲಿ ಪ್ರತಿ ವಸ್ತುವಿಗೂ ಒಂದು ಚೌಕ, ಚೌಕದೊಳಗೆ ಹೆಸರು. ಇಷ್ಟು ಮಾಡಿದ್ದರೆ ಖಾಲಿ ಚೌಕವೇ ನನ್ನನ್ನು ಕೂಗಿ ಕರೆಯುತ್ತಿತ್ತು.

ಆನೆಗೆ ಕ್ಯೂ ಕೊಟ್ಟವರು

ಇದೇನು ಹೊಸ ಕಸುಬಲ್ಲ. ಭರತನ ನಾಟ್ಯಶಾಸ್ತ್ರ ನಾಟಕ ಮಂಡಳಿಯಲ್ಲಿ ಯಾರ‍್ಯಾರು ಇರಬೇಕು ಅಂತ ಎಣಿಸುವಾಗ ನಟ, ವಿದೂಷಕರ ಜೊತೆಗೇ ಕಿರೀಟ ಮಾಡುವವನು, ಒಡವೆ ಮಾಡುವವನು, ಹೂಮಾಲೆ ಕಟ್ಟುವವನು, ವೇಷ ಕಟ್ಟುವವನು, ಚಿತ್ರ ಬರೆಯುವವನು, ಬಟ್ಟೆ ಒಗೆದು ಬಣ್ಣ ಹಾಕುವವನು ಎಲ್ಲರನ್ನೂ ಹೆಸರಿಸುತ್ತದೆ. ಇವರೆಲ್ಲರ ದಾರ ಹಿಡಿದವನು ಸೂತ್ರಧಾರ. ಯಕ್ಷಗಾನದಲ್ಲಿ ಭಾಗವತರು ತಾಳ ಹಿಡಿದು ರಂಗಸ್ಥಳದಲ್ಲೇ ಕೂತು ಪ್ರಸಂಗ ನಡೆಸುತ್ತಾರೆ. ಯಾವ ವೇಷ ಯಾವಾಗ ಬರಬೇಕು, ಯಾವ ಪದ ಎಳೆಯಬೇಕು, ಯಾವುದನ್ನು ಮೊಟಕು ಮಾಡಿ ಬೆಳಗಾಗುವುದರೊಳಗೆ ಮಂಗಳ ಹಾಡಬೇಕು ಅನ್ನುವ ಲೆಕ್ಕ ಅವರದು. ವೇಷ ಕಟ್ಟಿಕೊಳ್ಳುವ ಚೌಕಿಯಲ್ಲಿ ಮಾತ್ರ ಬೇರೆಯೇ ಒಂದು ಲೋಕ: ಪೆಟ್ಟಿಗೆ ಹೊರುವವರು, ವೇಷದ ಸಾಮಾನು ಜೋಡಿಸಿಕೊಡುವವರು, ವೇಷಧಾರಿ ಅರೆನಿದ್ದೆಯಲ್ಲಿದ್ದರೆ ಎಬ್ಬಿಸುವವರು.

ನಮ್ಮ ತುಮಕೂರು ಜಿಲ್ಲೆಗೆ ಈ ಮಾತು ಇನ್ನೂ ಹತ್ತಿರ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ವೀರಣ್ಣನವರ ಕಾಲದಲ್ಲಿ ನಾಡಿಗೇ ಹೆಸರಾಯಿತು. ಬಣ್ಣದ ಪರದೆಗಳು, ಕಣ್ಣೆದುರೇ ಕಾಡು ಅರಮನೆಯಾಗುವ ಟ್ರಾನ್ಸ್‌ಫರ್ ಸೀನುಗಳು. ‘ಕುರುಕ್ಷೇತ್ರ’ಕ್ಕಂತೂ ಆನೆ, ಕುದುರೆಗಳೇ ರಂಗಕ್ಕೆ ಬರುತ್ತಿದ್ದವು. ನಮ್ಮ ಅಜ್ಜಿ ಆ ಆನೆಯ ಕಥೆಯನ್ನು ಹತ್ತಾರು ಸಲ ಹೇಳಿದ್ದಾಳೆ. ವೀರಣ್ಣನವರ ಹೆಸರು ತುಮಕೂರಿನ ಕಲಾಕ್ಷೇತ್ರಕ್ಕೇ ಇದೆ. ಆದರೆ ಆ ಆನೆಯನ್ನು ಪದ್ಯ ಮುಗಿಯುವ ಹೊತ್ತಿಗೆ ಸರಿಯಾಗಿ ವಿಂಗಿನಲ್ಲಿ ತಂದು ನಿಲ್ಲಿಸಿ, ಅದು ಹೆದರದಂತೆ, ಪರದೆಯ ಹಗ್ಗಕ್ಕೆ ಸೊಂಡಿಲು ಹಾಕದಂತೆ ನೋಡಿಕೊಂಡವನೂ ಒಬ್ಬನಿದ್ದನಲ್ಲ? ಆನೆಯ ಕಥೆ ಮನೆಮನೆಗೆ ಬಂತು, ಅವನ ಹೆಸರು ಬರಲಿಲ್ಲ.

ಕಂಪನಿಯಲ್ಲಿ ಈ ಕೆಲಸಕ್ಕೆ ಸಂಬಳವಾದರೂ ಇತ್ತು. ಆಮೇಲೆ ಬಂದ ಹವ್ಯಾಸಿ ರಂಗಭೂಮಿಯಲ್ಲಿ ಹಗಲು ಬ್ಯಾಂಕು, ಕಚೇರಿ, ಕಾರ್ಖಾನೆ, ಸಂಜೆ ತಾಲೀಮು. ಎಲ್ಲರೂ ಎಲ್ಲ ಕೆಲಸ ಮಾಡಬೇಕು ಅನ್ನುವುದೇ ಅಲ್ಲಿಯ ನೀತಿ. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, ಕೆ.ವಿ. ಸುಬ್ಬಣ್ಣನವರ ಕನಸಿನಂತೆ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು, 1985ರಲ್ಲಿ ‘ತಿರುಗಾಟ’ ಹೊರಟಿತು. ತಿರುಗಾಟದಲ್ಲಿ ರಾತ್ರಿ ರಾಜನಾಗಿದ್ದವನೇ ಬೆಳಿಗ್ಗೆ ಸೆಟ್ಟು ಇಳಿಸುತ್ತಾನೆ, ಲೈಟು ಕಟ್ಟುತ್ತಾನೆ, ಆಟ ಮುಗಿದ ಮೇಲೆ ಎಲ್ಲ ಬಿಚ್ಚಿ ವಾಹನಕ್ಕೆ ತುಂಬುತ್ತಾನೆ. ಊರು ಬದಲಾದಂತೆ ರಂಗವೂ ಬದಲು. ಇವತ್ತು ಒಳ್ಳೆಯ ರಂಗಮಂದಿರ, ನಾಳೆ ಶಾಲೆಯ ಜಗಲಿ.

ಈ ನೀತಿ ದೊಡ್ಡದು. ಪೊರಕೆ ಹಿಡಿಯದ ನಟ ನಟನಲ್ಲ ಅನ್ನುವ ಪಾಠವನ್ನು ಕನ್ನಡ ರಂಗಭೂಮಿ ಚೆನ್ನಾಗಿ ಕಲಿಸಿದೆ. ಆದರೆ ಅದಕ್ಕೊಂದು ಅಡ್ಡಪರಿಣಾಮವೂ ಇದೆ. ಎಲ್ಲರ ಕೆಲಸವಾದದ್ದು ಯಾರ ಕಸುಬೂ ಆಗಲಿಲ್ಲ. ಪಾರ್ಟು ಸಿಗದವರು ಹಿಂದೆ ನಿಲ್ಲುತ್ತಾರೆ, ಮುಂದಿನ ನಾಟಕದಲ್ಲಿ ಪಾರ್ಟು ಸಿಗಲಿ ಅಂತ ಕಾಯುತ್ತಾರೆ. ಹಿಂದೆ ನಿಲ್ಲುವುದೇ ನನ್ನ ಕೆಲಸ ಅನ್ನುವವರು ಬಂದರೆ ನಮಗೆ ಏನು ಹೇಳಬೇಕೋ ತಿಳಿಯುವುದಿಲ್ಲ. ಅಕ್ಕನ ಮಗಳಿಗೆ ನಾನು ಸಮಾಧಾನ ಹೇಳಹೊರಟದ್ದು ಅದಕ್ಕೇ.

ತಿಳಿಯಬೇಕಾದ ಕಾಲವೂ ಬಂದಿದೆ. ಮೈಸೂರಿನ ರಂಗಾಯಣ 2010ರಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ರಂಗಕ್ಕೆ ತಂದಿತು. ಒಂಬತ್ತು ಗಂಟೆಯ ನಾಟಕ, ರಾತ್ರಿ ಶುರುವಾದರೆ ಮುಗಿಯುವುದು ಬೆಳಗಿಗೆ. ಒಂದು ರಂಗದಿಂದ ಇನ್ನೊಂದಕ್ಕೆ ಪ್ರೇಕ್ಷಕರೇ ಎದ್ದು ನಡೆಯಬೇಕು. ಹತ್ತಾರು ಕಲಾವಿದರು ಕತ್ತಲೆಯ ಬಯಲಿನಲ್ಲಿ ಸರಿಯಾದ ಕಡೆ ಸರಿಯಾದ ವೇಷದಲ್ಲಿ ನಿಂತಿರಬೇಕು, ಜನ ತೂಕಡಿಸುವ ಜಾವದಲ್ಲಿ ಹಿಂದಿನವರು ತೂಕಡಿಸಬಾರದು. ಇಂಥದ್ದನ್ನು ಬರೀ ಉತ್ಸಾಹದಿಂದ ನಡೆಸಲಾಗದು. ಬೆಂಗಳೂರಿನ ರಂಗಶಂಕರ 2004ರಲ್ಲಿ ಬಾಗಿಲು ತೆರೆದಾಗಿನಿಂದ ಸಂಜೆ ಏಳೂವರೆ ಅಂದರೆ ಏಳೂವರೆ. ಬಾಗಿಲು ಮುಚ್ಚಿದ ಮೇಲೆ ಎಂಥವರು ಬಂದರೂ ಒಳಗೆ ಬಿಡುವುದಿಲ್ಲ. ‘ಅತಿಥಿಗಳು ದಾರಿಯಲ್ಲಿದ್ದಾರೆ’ ಅಂತ ಮುಕ್ಕಾಲು ಗಂಟೆ ಕಾಯಿಸುವುದನ್ನೇ ಕಲಿತಿದ್ದ ನಮಗೆ ಅದೊಂದು ಹೊಸ ಪಾಠವಾಗಿತ್ತು.

ಈ ಶಿಸ್ತನ್ನು ಬ್ರಿಟನ್ನಿನವರು ಒಂದು ವಿಚಿತ್ರ ಗಡಿಯಾರವನ್ನಾಗಿಯೇ ಮಾಡಿಕೊಂಡಿದ್ದಾರೆ. ಅಲ್ಲಿ ‘ಅರ್ಧ ಗಂಟೆ’ ಅನ್ನುವ ಕೂಗು ನಟರಿಗೆ ಕೇಳುವುದು ನಾಟಕಕ್ಕೆ 35 ನಿಮಿಷ ಇರುವಾಗ. ‘ಕಾಲು ಗಂಟೆ’ ಅನ್ನುವುದು 20 ನಿಮಿಷ ಇರುವಾಗ, ‘ಐದು ನಿಮಿಷ’ ಅನ್ನುವುದು 10 ನಿಮಿಷ ಇರುವಾಗ. ಮೊದಲ ದೃಶ್ಯದವರು ಐದು ನಿಮಿಷ ಮುಂಚೆ ತಮ್ಮ ಜಾಗದಲ್ಲಿ ನಿಂತಿರಬೇಕು, ಲೆಕ್ಕವೆಲ್ಲ ಆ ಗಳಿಗೆಗೆ. ನಮ್ಮಲ್ಲಿ ಮೊದಲ ಗಂಟೆ, ಎರಡನೇ ಗಂಟೆ, ಮೂರನೇ ಗಂಟೆ. ಮೂರನೆಯದು ಬಾರಿಸಿದ ಮೇಲೆ ಹಿಂದೆ ಸರಿಯುವಂತಿಲ್ಲ. ಗಂಟೆಯ ಗುಂಡಿ ಒತ್ತುವ ಮುಂಚೆ ಎಲ್ಲ ಸರಿಯಿದೆಯೇ ಎಂದು ಒಬ್ಬರು ನೋಡಿರಬೇಕು.

ಎಲ್ಲ ಸರಿ ಅನ್ನುವುದರಲ್ಲಿ ಜೀವದ ಪ್ರಶ್ನೆಯೂ ಇದೆ. 1903ರ ಡಿಸೆಂಬರ್ 30ರಂದು ಶಿಕಾಗೋದ ಇರಾಕ್ವಾಯ್ ರಂಗಮಂದಿರದಲ್ಲಿ ಲೈಟಿನ ಕಿಡಿ ಪರದೆಗೆ ತಗುಲಿತು. ಬೆಂಕಿ ತಡೆಯುವ ಪರದೆ ಅರ್ಧಕ್ಕೇ ಸಿಕ್ಕಿಕೊಂಡಿತು, ಎಷ್ಟೋ ಬಾಗಿಲು ತೆರೆಯಲಿಲ್ಲ. ಸತ್ತವರು 602 ಮಂದಿ, ಅದರಲ್ಲಿ ರಜೆಗೆ ನಾಟಕ ನೋಡಲು ಬಂದಿದ್ದ ಮಕ್ಕಳು ಎಷ್ಟೋ. ನಮ್ಮ ಸಭಾಂಗಣಗಳಲ್ಲಿ ಹೊರಬಾಗಿಲಿಗೆ ಅಡ್ಡ ಕುರ್ಚಿ ಪೇರಿಸಿಟ್ಟಿರುವುದನ್ನು ಕಂಡಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ. ಆ ಕುರ್ಚಿ ತೆಗೆಸುವುದೂ ರಂಗನಿರ್ವಾಹಕರ ಕೆಲಸ.

ಎಸ್ಸೆಸ್ಸೆಲ್ಸಿ ಆದಮೇಲೆ?

ಭಾವ ಮಾತು ಕಡಿಮೆ. ಒಂದು ಭಾನುವಾರ ಪೇಪರ್ ಮಡಿಸಿಟ್ಟು ಕೇಳಿದರು: “ಇದನ್ನು ಓದಿಸೋ ಕಾಲೇಜು ಇದೆಯೇನಪ್ಪ?”

ಇದೆ. ಆದರೆ ನೇರ ಹೆದ್ದಾರಿ ಅಲ್ಲ. ಬ್ರಿಟನ್, ಅಮೆರಿಕಗಳಲ್ಲಿ ರಂಗನಿರ್ವಹಣೆಯೇ ಒಂದು ಪದವಿ. ಅಮೆರಿಕದಲ್ಲಿ ನಟರ ಸಂಘವೇ ರಂಗನಿರ್ವಾಹಕರ ಸಂಘವೂ ಹೌದು. ನಮ್ಮಲ್ಲಿ ಅದು ರಂಗಶಿಕ್ಷಣದ ಒಂದು ಭಾಗ. ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆ 1959ರಲ್ಲಿ ಶುರುವಾದದ್ದು. 1962ರಿಂದ 1977ರವರೆಗೆ ಅದನ್ನು ನಡೆಸಿದ ಇಬ್ರಾಹಿಂ ಅಲ್ಕಾಜಿ ವಿನ್ಯಾಸ, ಬೆಳಕು, ಅಚ್ಚುಕಟ್ಟುತನಗಳನ್ನು ನಟನೆಯಷ್ಟೇ ಗಂಭೀರ ವಿಷಯವಾಗಿಸಿದರು. ಅವರ ನಂತರ ಆ ಕುರ್ಚಿಯಲ್ಲಿ ಕೂತವರು ಬಾಲ್ಯದಲ್ಲೇ ಗುಬ್ಬಿ ಕಂಪನಿ ಸೇರಿ ಬೆಳೆದ ನಮ್ಮ ಬಿ.ವಿ. ಕಾರಂತರು. ಅಲ್ಲಿಯದು ಮೂರು ವರ್ಷದ ಓದು. ಸೇರಲು ಪದವಿ ಆಗಿರಬೇಕು, ಒಂದಷ್ಟು ನಾಟಕಗಳಲ್ಲಿ ಕೆಲಸ ಮಾಡಿದ ಅನುಭವವೂ ಬೇಕು. ಬೆಂಗಳೂರಿನಲ್ಲೂ ಅದರ ಕೇಂದ್ರವಿದೆ. ಹೆಗ್ಗೋಡಿನ ನೀನಾಸಮ್, 1989ರಲ್ಲಿ ಕಾರಂತರು ಕಟ್ಟಿದ ಮೈಸೂರಿನ ರಂಗಾಯಣ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ, ಈ ಮೂರೂ ಕಡೆ ಕನ್ನಡದಲ್ಲೇ ಕಲಿಯಬಹುದು. ಹೈದರಾಬಾದ್, ಪುದುಚೇರಿ ವಿಶ್ವವಿದ್ಯಾಲಯಗಳಲ್ಲಿ ರಂಗಕಲೆಯ ಸ್ನಾತಕೋತ್ತರ ಪದವಿ ಇದೆ. ತ್ರಿಶೂರಿನಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾಲಯದ ನಾಟಕ ಶಾಲೆ ಇದೆ.

ಎಲ್ಲಿಗೇ ಹೋದರೂ ‘ರಂಗನಿರ್ವಹಣೆ ಮಾತ್ರ’ ಅಂತ ಬಾಗಿಲಿನ ಮೇಲೆ ಬರೆದಿರುವುದಿಲ್ಲ. ನಟನೆ, ಬೆಳಕು, ಪ್ರಸಾಧನ, ಸೆಟ್ಟು ಎಲ್ಲವನ್ನೂ ಕಲಿಯಬೇಕು. ಅದೇ ಒಳ್ಳೆಯದು. ಡಿಮ್ಮರ್ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿಲ್ಲದವರು ಬೆಳಕಿನವರಿಗೆ ಕ್ಯೂ ಕೊಡಲಾರರು. ಒಂದು ಸಲವಾದರೂ ಮಾತು ಮರೆತು ಕಣ್ಣು ಕತ್ತಲೆ ಬಂದಿದ್ದವರಿಗೆ ಮಾತ್ರ ಪ್ರಾಂಪ್ಟ್ ಯಾವಾಗ ಮಾಡಬೇಕು, ಯಾವಾಗ ಕಾಯಬೇಕು ಅನ್ನುವುದು ತಿಳಿಯುತ್ತದೆ. ನಟ ಬೇಕೆಂದೇ ಮೌನವಾಗಿದ್ದಾಗ ಮಾತು ಎತ್ತಿಕೊಟ್ಟರೆ ಅದಕ್ಕಿಂತ ದೊಡ್ಡ ಪಾಪ ಇನ್ನೊಂದಿಲ್ಲ.

ಹೊಟ್ಟೆಪಾಡು? ಹವ್ಯಾಸಿ ನಾಟಕ ಒಂದನ್ನೇ ನಂಬಿ ಬದುಕುವುದು ಇವತ್ತಿಗೂ ಕಷ್ಟ. ರೆಪರ್ಟರಿಗಳಲ್ಲಿ, ರಂಗಮಂದಿರಗಳಲ್ಲಿ ತಂತ್ರಜ್ಞರ ಹುದ್ದೆ ಇವೆ, ಕಡಿಮೆ. ಮುಂಬೈಯಲ್ಲಿ 2015ರ ‘ಬ್ಯೂಟಿ ಆ್ಯಂಡ್ ದ ಬೀಸ್ಟ್’, ಮರುವರ್ಷದ ‘ಮುಘಲ್-ಎ-ಆಝಮ್’ನಂಥ ಭಾರಿ ಸಂಗೀತ ನಾಟಕಗಳು ಬಂದಮೇಲೆ, 2023ರಲ್ಲಿ ನೀತಾ ಮುಖೇಶ್ ಅಂಬಾನಿ ಸಾಂಸ್ಕೃತಿಕ ಕೇಂದ್ರ ತೆರೆದಮೇಲೆ ಕ್ಯೂ ಕೊಡುವ ನುರಿತ ಕೈಗಳಿಗೆ ಬೆಲೆ ಬಂದಿದೆ. ಪ್ರಶಸ್ತಿ ಸಮಾರಂಭ, ಸಂಗೀತ ಕಛೇರಿ, ಕಂಪನಿಗಳ ಸಮಾವೇಶ, ದೊಡ್ಡ ಮದುವೆ, ಎಲ್ಲಕ್ಕೂ ಇದೇ ಕಣ್ಣು, ಇದೇ ಪಟ್ಟಿ ಬೇಕು. ನಾಟಕದ ಉಗ್ರಾಣ ನೋಡಿಕೊಂಡವರು ಕೊನೆಗೆ ನಿಜವಾದ ಮದುವೆಮನೆಗೇ ಬಂದು ಸಂಬಳ ಪಡೆಯುವುದು ಒಂಥರಾ ತಮಾಷೆ.

ಭಾವನಿಗೆ ಇಷ್ಟೆಲ್ಲ ಹೇಳಿ ಮುಗಿಸಿದಾಗ ಅಕ್ಕ ಮೆಲ್ಲಗೆ ಅಂದಳು: “ಪರದೆ ಎಳೆಯೋ ಕೆಲಸ ಅಂತ ನಾನು ಬೇಡ ಅಂತಿಲ್ಲ ಕಣೋ. ರಾತ್ರಿ ಹನ್ನೊಂದಕ್ಕೆ ಮನೆಗೆ ಬರೋ ಕೆಲಸ ಅದು.”

ಇದಕ್ಕೆ ನನ್ನ ಹತ್ತಿರ ಥಟ್ಟನೆ ಉತ್ತರವಿರಲಿಲ್ಲ. ನಾಟಕ ಒಂಬತ್ತೂವರೆಗೆ ಮುಗಿದರೆ ನಟರು ಬಣ್ಣ ಒರೆಸಿಕೊಂಡು ಹೊರಡುತ್ತಾರೆ. ಸೆಟ್ಟು ಬಿಚ್ಚಿ, ಲೈಟಿಳಿಸಿ, ಒಡವೆ ಎಣಿಸಿ ಪೆಟ್ಟಿಗೆಗಿಟ್ಟು, ಸಭಾಂಗಣದ ಬೀಗದಕೈ ಕೊಡುವ ಹೊತ್ತಿಗೆ ಕೊನೆಯ ಬಸ್ಸು ಹೋಗಿರುತ್ತದೆ. ಹುಡುಗಿಯರು ಈ ಕೆಲಸದಲ್ಲಿ ಉಳಿಯಲಿಲ್ಲವೆಂದರೆ ಕಾರಣ ಎಷ್ಟೋ ಸಲ ಇಷ್ಟೇ. ಒಳ್ಳೆಯ ತಂಡಗಳು ತಾಲೀಮಿನ ಪಟ್ಟಿಯಲ್ಲೇ ಯಾರನ್ನು ಯಾರು ಮನೆಗೆ ಬಿಡಬೇಕು ಅಂತಲೂ ಬರೆಯುತ್ತವೆ. ಬರೆಯದ ತಂಡ ಸೇರಬೇಡ ಅಂತ ಹುಡುಗಿಗೆ ಹೇಳಿದೆ. ಸೇರಿದರೆ ಆ ಸಾಲು ನೀನೇ ಬರಿ ಅಂತಲೂ ಹೇಳಿದೆ.

ಇಪ್ಪತ್ತೆಂಟು ನಿಮಿಷ ನಲವತ್ತು ಸೆಕೆಂಡ್

ಸ್ಪರ್ಧೆಯ ದಿನ ನಾವು ಮೂವರೂ ಹೋದೆವು. ಹುಡುಗಿ ಕಪ್ಪು ಚೂಡಿದಾರ ಹಾಕಿ, ಜಡೆಗೆ ಕಪ್ಪು ರಿಬ್ಬನ್ನೇ ಕಟ್ಟಿ, ಬೆಳಿಗ್ಗೆ ಆರಕ್ಕೇ ಶಾಲೆಯ ವ್ಯಾನು ಹತ್ತಿದ್ದಳು. ಅವಳ ಡಬ್ಬಿಯಲ್ಲಿ ಪಿನ್ನು, ಸೂಜಿ ದಾರ, ಟೇಪು, ಚಾಕ್‌ಪೀಸು, ಟಾರ್ಚು, ಬ್ಯಾಂಡ್‌ಏಡು. ಅಕ್ಕನ ಹಳೇ ಸೀರೆ ಹರಿದು ಮಾಡಿದ ಒರೆಸುವ ಬಟ್ಟೆ ಎರಡು, ಎರಡೂ ವಿಂಗಿಗೆ ಒಂದೊಂದು.

ಮೂರನೇ ತಂಡ ಇವರದು. ಎರಡನೇ ದೃಶ್ಯದಲ್ಲಿ ದೊಡ್ಡ ಡಾಕ್ಟರ್ ಸಿಟ್ಟಿನಿಂದ ಸೆಮ್ಮೆಲ್‌ವೈಸ್‌ನ ಬೇಸಿನ್ ತಳ್ಳಬೇಕು. ತಾಲೀಮಿನಲ್ಲಿ ಮೆಲ್ಲಗೆ ತಳ್ಳುತ್ತಿದ್ದ ಹುಡುಗ ಜನರನ್ನು ಕಂಡು ಹುರುಪೆದ್ದು ಜಾಡಿಸಿಯೇ ಬಿಟ್ಟ. ಬೇಸಿನ್ ಬೋರಲು ಬಿತ್ತು, ರಂಗದ ನಡುವೆ ನೀರು ಹರಿಯಿತು. ಮುಂದಿನ ದೃಶ್ಯ ನನಗೆ ಗೊತ್ತಿತ್ತು: ಮೂವರು ಮಕ್ಕಳು ಸ್ಟ್ರೆಚರ್ ಹಿಡಿದು ಓಡಿ ಬರಬೇಕು. ಪಕ್ಕದಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡಳು.

ಸ್ಟ್ರೆಚರ್ ಬರಲಿಲ್ಲ. ಬಂದವಳು ದಾದಿ. ಸೀರೆಯ ತುಂಡು ಹಿಡಿದು, ಮಂಡಿಯೂರಿ, ಅವಸರವಿಲ್ಲದೆ ನೆಲ ಒರೆಸಿದಳು. ಒರೆಸುತ್ತ ದೊಡ್ಡ ಡಾಕ್ಟರನ ಕಡೆ ಒಮ್ಮೆ ತಲೆಯೆತ್ತಿ ನೋಡಿದಳು. ಬಟ್ಟೆ ಹಿಂಡಿಕೊಂಡು ಒಳಗೆ ಹೋದಳು. ಆಮೇಲೆ ಸ್ಟ್ರೆಚರ್ ಓಡಿ ಬಂತು. ಸಭಾಂಗಣದಲ್ಲಿ ಯಾರಿಗೂ ಏನೂ ಎಡವಟ್ಟಾಯಿತು ಅನ್ನಿಸಲಿಲ್ಲ. ನಾಟಕ ಮುಗಿದಾಗ 28 ನಿಮಿಷ 40 ಸೆಕೆಂಡ್.

ತೀರ್ಪುಗಾರರಲ್ಲಿ ಒಬ್ಬರು ಮೈಕು ಹಿಡಿದು ಅಂದರು: “ಡಾಕ್ಟರು ಚೆಲ್ಲಿದ ನೀರನ್ನು ದಾದಿ ಒರೆಸುವ ಆ ಸಣ್ಣ ಮೂಕ ದೃಶ್ಯ, ಒಳ್ಳೆಯ ನಿರ್ದೇಶನ.” ಮೇಷ್ಟ್ರು ಕೈ ಮುಗಿದು ನೆಲ ನೋಡಿದರು. ಎರಡನೇ ಬಹುಮಾನ ಬಂತು. ಎಂಟು ಮಕ್ಕಳೂ ವೇದಿಕೆ ಹತ್ತಿ ಫೋಟೋಗೆ ನಿಂತರು. ಮೇಷ್ಟ್ರು ‘ಅವಳೆಲ್ಲಿ, ಅವಳೆಲ್ಲಿ’ ಅಂತ ಹುಡುಕುತ್ತಿದ್ದರು. ಅವಳು ಹಿಂದಿನ ಬಾಗಿಲಲ್ಲಿ ಉಳಿದ ಬೇಸಿನ್ನಿನ ನೀರನ್ನು ಗಿಡಕ್ಕೆ ಚೆಲ್ಲುತ್ತಿದ್ದಳು.

ರಾತ್ರಿ ಊಟವಾದ ಮೇಲೆ ಭಾವ ಮೊಬೈಲು ಕೊಟ್ಟರು. ಇಡೀ ನಾಟಕ ರೆಕಾರ್ಡ್ ಮಾಡಿಕೊಂಡಿದ್ದರು. ಎರಡು ತಿಂಗಳು ಬದಿಯಿಂದಲೇ ನೋಡಿದ್ದ ನಾಟಕವನ್ನು ಅವಳು ಎದುರಿನಿಂದ ನೋಡಿದ್ದು ಅದೇ ಮೊದಲು. ಅಕ್ಕ ಹಿಂದೆ ನಿಂತು ಬಗ್ಗಿ ನೋಡುತ್ತಿದ್ದಳು. ನೀರು ಚೆಲ್ಲಿತು, ದಾದಿ ಬಂದಳು, ತಲೆಯೆತ್ತಿದಳು. “ಇದನ್ನ ನೀನಾ ಹೇಳಿಕೊಟ್ಟಿದ್ದು?” ಅಂತ ಅಕ್ಕ ಕೇಳಿದಳು.

“ಒರೆಸು ಅಂದಿದ್ದು ನಾನು. ತಲೆ ಎತ್ತಿದ್ದು ಅವಳೇ,” ಅಂದ ಹುಡುಗಿ ವಿಡಿಯೊ ನಿಲ್ಲಿಸಿದಳು. ಬೆರಳಿನಿಂದ ಹಿಗ್ಗಿಸಿ ಪರದೆಯ ಎಡ ಅಂಚನ್ನು ನನಗೆ ತೋರಿಸಿದಳು. ಕತ್ತಲ ವಿಂಗಿನಲ್ಲಿ ಒಂದು ಬಿಳಿ ಚುಕ್ಕಿ.

“ನನ್ನ ಟಾರ್ಚು ಕಾಣಿಸ್ತಿದೆ ಮಾಮ.”

ನನಗೆ ಕಂಡಿರಲಿಲ್ಲ, ಯಾರಿಗೂ ಕಂಡಿರಲಾರದು ಅಂದೆ. ಅವಳು ಆಗಲೇ ಲಾಂಗ್ ನೋಟ್‌ಬುಕ್ ತೆರೆದಿದ್ದಳು. ಹೊಸ ಪುಟದ ಮೊದಲ ಸಾಲಿನಲ್ಲಿ ಬರೆದಳು: ‘ಟಾರ್ಚಿಗೆ ನೀಲಿ ಜಿಲೆಟಿನ್ ಕಾಗದ – ನಾನು.’ ಕೊನೆಯ ಕಾಲಂ ಖಾಲಿ ಬಿಟ್ಟು ಪುಸ್ತಕ ಮುಚ್ಚಿದಳು.